ಹಣ್ಣಿನ ಬೇಕ್ಡ್ ಮೊಸರಿಗೆ ಸಕ್ಕರೆ ಬದಲು ಏನು ಹಾಕಲಿ: ಬೆಲ್ಲ, ಜೇನು, ಸ್ಟೀವಿಯಾ?

ನೀವು ಕೇಳಿದ ಮೂರನ್ನೂ ನಾನು ಹಾಕಿ ನೋಡಿದ್ದೇನೆ. ಮೂರು ಸಲವೂ ಕೆಟ್ಟಿತು. ಕೆಡಿಸಿದ್ದು ಮಾತ್ರ ಆ ಮೂರರಲ್ಲಿ ಯಾವುದೂ ಅಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆ, ವಿದ್ಯಾನಗರ. ಅಪ್ಪಾಜಿಗೆ ಭಾನುವಾರ ಬಂದರೆ ಬೆಳಿಗ್ಗೆ ಎರಡು ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ, ಊಟ ಆದಮೇಲೆ ಏನಾದರೂ ಸಿಹಿ ಬೇಕೇ ಬೇಕು. ಡಾಕ್ಟರ್ ತೂಕ ಇಳಿಸಲೇಬೇಕು ಅಂದರು. ದೋಸೆ ಒಂದಕ್ಕೆ ಇಳಿಸಲು ಒಪ್ಪಿದರು. ಸಿಹಿ ಬಿಡಲು ಒಪ್ಪಲಿಲ್ಲ. ಆಗ ನಾನು, ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ಕೇಕ್ ಬೇಡ, ಅನಾನಸ್ ಹಾಕಿ ಬೇಕ್ಡ್ ಮೊಸರು, ಅಂದರೆ ಗಟ್ಟಿ ಮೊಸರಿಗೆ ಸಿಹಿ ಕಲಸಿ ಓವನ್‌ನಲ್ಲಿ ಬೇಯಿಸಿದ್ದು, ಮಾಡುತ್ತೇನೆ ಅಂದೆ.

ಬನವಾಸಿ ಕಡೆಯ ಅನಾನಸ್ ತಂದೆ. ಚೆನ್ನಾಗಿ ಹಣ್ಣಾಗಿತ್ತು, ಮನೆ ತುಂಬ ಘಮ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದೆ. ಹಣ್ಣನ್ನು ಸಣ್ಣಗೆ ಹೆಚ್ಚಿ, ಸ್ಟೀವಿಯಾ (ಒಂದು ಗಿಡದ ಎಲೆಯಿಂದ ತೆಗೆದ ಸಿಹಿ) ಹಾಕಿ, ಎಲ್ಲವನ್ನೂ ಕಲಸಿ ರಾತ್ರಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಬೇಕ್ ಮಾಡಿದರಾಯಿತು ಅನ್ನೋ ಲೆಕ್ಕ.

ಇಲ್ಲಿಯೇ ತಪ್ಪಾಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಾತ್ರಿ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಇದ್ದ ಮೊಸರು ಬೆಳಿಗ್ಗೆ ಮಜ್ಜಿಗೆ ಥರ ಆಗಿತ್ತು. ಮೇಲೆ ಹಳದಿ ನೀರು ನಿಂತಿತ್ತು. ಹಣ್ಣು ನೀರು ಬಿಟ್ಟಿದೆ ಅಂದುಕೊಂಡೆ. ರುಚಿ ನೋಡಲಿಲ್ಲ. ಹಾಗೇ ಓವನ್‌ಗೆ ಇಟ್ಟೆ. ಹರಿಹರದಿಂದ ಅತ್ತೆ ಮಾವ ಎಲ್ಲಾ ಬಂದಿದ್ದರು. ಅಪ್ಪಾಜಿ ಮೊದಲ ಚಮಚ ಬಾಯಿಗಿಟ್ಟು, "ಕಹಿ ಐತಲ್ಲವ್ವ" ಅಂದು ಬಟ್ಟಲು ಕೆಳಗಿಟ್ಟರು.

ಸ್ಟೀವಿಯಾ ಕೆಲವರಿಗೆ ಕಹಿ ಅನ್ನಿಸುತ್ತದೆ ಅಂತ ಕೇಳಿದ್ದೆ. ಹಾಗಾಗಿ ಅದೇ ಕಾರಣ ಅಂತ ನಂಬಿಬಿಟ್ಟೆ. ಮುಂದಿನ ವಾರ ಜೇನು ಹಾಕಿದೆ. ಕಹಿ. ಆಮೇಲೆ ಬೆಲ್ಲ, ಅದೂ ಸ್ವಲ್ಪ ಜಾಸ್ತಿಯೇ. ಆಗಲೂ ಕಹಿ. ಮೂರು ವಾರವೂ ಸಿಹಿಯನ್ನೇ ಬದಲಿಸುತ್ತಾ ಹೋದೆ. ಅನಾನಸ್ ಮಾತ್ರ ಅದೇ ಬೇಯಿಸದ ಹಸಿಯದು, ಅದೇ ಹಿಂದಿನ ರಾತ್ರಿ ಕಲಸಿಟ್ಟಿದ್ದು.

ಕೊನೆಗೆ ಹೇಳಿದ್ದು ಕೆಳಗಿನ ಮನೆಯ ಆಂಟಿ. "ಮಟನ್‌ಗೆ ಪಪ್ಪಾಯಿಕಾಯಿ ಹಚ್ಚಿ ಜಾಸ್ತಿ ಹೊತ್ತು ಇಟ್ಟರೆ ಹಿಟ್ಟಾಗಿಬಿಡುತ್ತೆ. ಅನಾನಸ್‌ದೂ ಅದೇ ಗುಣ. ಹಸಿದು ಮೊಸರಿಗೆ ಯಾಕೆ ಹಾಕಿದೆ?" ಅಂದರು. ಆಮೇಲೆ ಓದಿ ತಿಳಿದುಕೊಂಡೆ. ಅನಾನಸ್‌ನಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇದೆ. ಅದು ಪ್ರೋಟೀನನ್ನು ತುಂಡು ಮಾಡುತ್ತದೆ. ಅನಾನಸ್ ತಿಂದಾಗ ನಾಲಿಗೆ ಚುರುಚುರು ಅನ್ನೋದರಲ್ಲೂ ಅದರ ಪಾಲಿದೆ. ಮೊಸರು ಗಟ್ಟಿಯಾಗಿ ನಿಲ್ಲುವುದೇ ಪ್ರೋಟೀನ್‌ನಿಂದ. ಅದು ತುಂಡಾದರೆ ಮೊಸರು ನೀರಾಗುತ್ತದೆ, ಆ ತುಂಡುಗಳೇ ಕಹಿ. ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ, ನಿಜ. ಆದರೆ ನಾನು ಓವನ್‌ಗೆ ಇಡುವ ಹೊತ್ತಿಗೆ ಅದು ರಾತ್ರಿಯೆಲ್ಲ ಕೆಲಸ ಮಾಡಿ ಮುಗಿಸಿತ್ತು. ಒಮ್ಮೆ ಬಂದ ಕಹಿ ಬೇಯಿಸಿದರೂ ಹೋಗಲ್ಲ, ಎಷ್ಟು ಬೆಲ್ಲ ಸುರಿದರೂ ಮುಚ್ಚಲ್ಲ. ಫ್ರಿಜ್‌ನಲ್ಲಿ ಕಿಣ್ವ ನಿಧಾನ ಆಗುತ್ತದೆ, ಆದರೆ ನಿಲ್ಲುವುದಿಲ್ಲ.

ನನಗೆ ನೋವಾಗಿದ್ದು ಹಣ್ಣು, ಮೊಸರು ದಂಡ ಆಗಿದ್ದಕ್ಕಲ್ಲ. ಡಯಟ್ ತಿಂಡಿ ಅಂದರೆ ಕಹಿ ಅಂತ ಅಪ್ಪಾಜಿ ತೀರ್ಮಾನ ಮಾಡಿಬಿಟ್ಟರು. ಮತ್ತೆ ಬೇಕರಿಯ ಹನಿ ಕೇಕ್ ಶುರುವಾಯಿತು. ನಾನು ಮಾಡಿದ್ದನ್ನು ಅವರು ಮತ್ತೆ ಮುಟ್ಟಿದ್ದು ಐದು ತಿಂಗಳ ಮೇಲೆ.

ಹಾಗಾಗಿ ಸಕ್ಕರೆ ಬದಲು ಏನು ಅನ್ನೋ ಪ್ರಶ್ನೆಯನ್ನೇ ಬಿಡಿ. ಒಂದು ಟೀ ಚಮಚ ಸಕ್ಕರೆಗೆ ಸುಮಾರು 20 ಕ್ಯಾಲೊರಿ. ಬೆಲ್ಲವೂ ಹೆಚ್ಚುಕಮ್ಮಿ ಅಷ್ಟೇ, ಜೇನು ಚಮಚದ ಲೆಕ್ಕದಲ್ಲಿ ಒಂದು ಕೈ ಮೇಲೇ. ಬೆಲ್ಲ ಹಾಕಿದ ಕೂಡಲೇ ಹಗುರ ಆಗಲ್ಲ. ಭಾರ ಇರುವುದು ಕಂಡೆನ್ಸ್ಡ್ ಮಿಲ್ಕ್‌ನಲ್ಲಿ. ಬೇಕ್ಡ್ ಮೊಸರಿಗೆ ಸಾಮಾನ್ಯವಾಗಿ ಅರ್ಧ ಡಬ್ಬಿ, ಅಂದರೆ 200 ಗ್ರಾಂ ಸುರಿಯುತ್ತಾರೆ. ಅದೊಂದೇ 600 ಕ್ಯಾಲೊರಿ ದಾಟುತ್ತದೆ. ಅದನ್ನು ತೆಗೆದುಹಾಕಿ, ಸಕ್ಕರೆಯನ್ನೇ ಅಳತೆ ಮಾಡಿ ಕಡಿಮೆ ಹಾಕಿ. ನನ್ನ ಅಭಿಪ್ರಾಯ ಇಷ್ಟೇ, ಇದರಲ್ಲಿ ನನಗೆ ಅನುಮಾನ ಇಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಮಾತ್ರ ಅವರ ಡಾಕ್ಟರನ್ನು ಕೇಳಿ.

ನಾನೀಗ ಮಾಡುವುದು ಹೀಗೆ. ಅರ್ಧ ಕೆಜಿ ಮೊಸರನ್ನು ಮೂರ್ನಾಲ್ಕು ಗಂಟೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುತ್ತೇನೆ. ಹುಳಿ ಬಂದ ಮೊಸರು ಬೇಡ, ಅದಕ್ಕೆ ಸಕ್ಕರೆ ಜಾಸ್ತಿ ಕೇಳುತ್ತದೆ. ಹೆಚ್ಚಿದ ಅನಾನಸ್ 200 ಗ್ರಾಂ, ಬಾಣಲೆಗೆ ಹಾಕಿ ಎಂಟು ಹತ್ತು ನಿಮಿಷ ಬೇಯಿಸುತ್ತೇನೆ. ಮೊದಲು ನೀರು ಬಿಟ್ಟು ಕುದಿಯುತ್ತದೆ, ಆಮೇಲೆ ಆ ನೀರು ಇಂಗಿ ಹೋಳುಗಳು ಮಿರಮಿರ ಹೊಳೆಯುತ್ತವೆ, ಬಾಣಲೆಗೆ ಅಂಟಲು ಶುರುವಾಗುತ್ತದೆ. ಆಗ ಇಳಿಸಬೇಕು. ಕಿಣ್ವವೂ ಹೋಯಿತು, ಸಿಹಿಯೂ ಗಟ್ಟಿಯಾಯಿತು. ಪೂರ್ತಿ ಆರಿದ ಮೇಲೆ ಮೊಸರು, 30 ಗ್ರಾಂ ಸಕ್ಕರೆ, ಎರಡು ಚಮಚ ಕಾರ್ನ್‌ಫ್ಲೋರ್, ಏಲಕ್ಕಿ ಪುಡಿ ಸೇರಿಸಿ ಕಲಸಿ ನಾಲ್ಕು ಸ್ಟೀಲ್ ಬಟ್ಟಲಿಗೆ ಹಾಕಿ. ಬಿಸಿನೀರು ಇರುವ ಟ್ರೇನಲ್ಲಿ ಬಟ್ಟಲುಗಳನ್ನು ಇಟ್ಟು 160 ಡಿಗ್ರಿಯಲ್ಲಿ ಸುಮಾರು 25 ನಿಮಿಷ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಸ್ವಲ್ಪ ಅಲುಗಾಡುತ್ತಿದ್ದರೆ ಸಾಕು, ಆರಿದಾಗ ಕೂರುತ್ತದೆ. ಓವನ್ ಇಲ್ವಾ? ಬಟ್ಟಲಿಗೆ ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ನಡೆಯುತ್ತದೆ. ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಒಂದು ಬಟ್ಟಲಿಗೆ ಸುಮಾರು 140 ಕ್ಯಾಲೊರಿ ಬರುತ್ತದೆ.

ಪಪ್ಪಾಯಿ, ಕಿವಿ ಹಣ್ಣು, ಅಂಜೂರ ಇವನ್ನೂ ಹಸಿಯಾಗಿ ಮೊಸರಿಗೆ ಹಾಕಬೇಡಿ. ಮಾವು, ಸೇಬಿಗೆ ಈ ತಾಪತ್ರಯ ಇಲ್ಲ. ದಾಳಿಂಬೆ ಆದರೆ ಬೇಯಿಸಲೇಬೇಡಿ. ಚಿತ್ರದುರ್ಗ ಕಡೆಯ ದಾಳಿಂಬೆ ಸಿಕ್ಕಿದಾಗ ನಾನು ತಣ್ಣಗಾದ ಬಟ್ಟಲಿನ ಮೇಲೆ ಹಾಗೇ ಉದುರಿಸುತ್ತೇನೆ. ಅಪ್ಪಾಜಿಗೆ ಈಗ ಅದೇ ಇಷ್ಟ.

ಯಾವ ಹಣ್ಣಿನ ಬಗ್ಗೆಯಾದರೂ ಅನುಮಾನ ಬಂದರೆ ಒಂದು ಚಮಚ ಮೊಸರಿಗೆ ಒಂದು ಹೋಳು ಹಾಕಿ ಒಂದೆರಡು ಗಂಟೆ ಹೊರಗಿಟ್ಟು ನೆಕ್ಕಿ ನೋಡಿ. ನಾನು ಆ ಬೆಳಿಗ್ಗೆ ಮಾಡದೇ ಹೋಗಿದ್ದು ಅದೊಂದೇ. ಮತ್ತೆ, ಕಟ್ಟಿದ ಮೊಸರಿನಿಂದ ಇಳಿದ ನೀರು ಚೆಲ್ಲಬೇಡಿ. ಚಪಾತಿ ಹಿಟ್ಟು ಅದರಲ್ಲೇ ಕಲಸಿ, ಮೆತ್ತಗೆ ಬರುತ್ತವೆ.