ಬಿಗ್ ಬ್ಯಾಂಡ್ ಜಾಝ್‌ನಲ್ಲಿ ಸೋಲೋ ಮಾತ್ರ ಇಷ್ಟ, ಉಳಿದದ್ದು ಗದ್ದಲ ಅನ್ನಿಸುತ್ತೆ. ಯಾವ ಹತ್ತು ಆಲ್ಬಂ ಕೇಳಲಿ?

ಸೋಲೋ, ಅಂದರೆ ಒಬ್ಬನೇ ಮುಂದೆ ಬಂದು ನುಡಿಸುವ ಭಾಗ, ಬಂದಾಗ ಖುಷಿ, ಅದು ಮುಗಿದ ಕೂಡಲೇ ಹದಿನೈದು ಜನ ಒಟ್ಟಿಗೆ ಊದುವ ಗದ್ದಲ, ಎಲ್ಲ ಬ್ಯಾಂಡೂ ಒಂದೇ ಥರ ಅಂತ ಬರೆದಿದ್ದೀರಿ. ನಾನೂ ವರ್ಷಗಟ್ಟಲೆ ಹೀಗೇ ಕೇಳುತ್ತಿದ್ದೆ. ಹತ್ತು ಆಲ್ಬಂ ಪಟ್ಟಿ ಕೊಡಲ್ಲ. ನನ್ನ ಹತ್ತಿರ ಹತ್ತಕ್ಕಿಂತ ಜಾಸ್ತಿನೇ ಇತ್ತು, ಅದರಿಂದ ಕಿವಿ ತೆರೆಯಲಿಲ್ಲ.

ನಾನು ಮಂಗಳೂರಿನ ಕಡೆಯವನು. ನಮ್ಮಲ್ಲಿ ಸ್ಯಾಕ್ಸೊಫೋನ್ ಪರದೇಶದ ವಾದ್ಯ ಅನ್ನಿಸುವುದೇ ಇಲ್ಲ. ಮದುವೆಯಲ್ಲೂ ಇರುತ್ತೆ, ದೇವಸ್ಥಾನದ ಉತ್ಸವದಲ್ಲೂ ಇರುತ್ತೆ. ಕದ್ರಿ ಗೋಪಾಲನಾಥರ ಕಚೇರಿ ಕೇಳಿಯೇ ನನಗೆ ಅದರ ಹುಚ್ಚು ಹಿಡಿದದ್ದು. ನಡುವೆ ಅವರು, ಪಕ್ಕದಲ್ಲಿ ಪಿಟೀಲು, ಮೃದಂಗ, ಮೋರ್ಸಿಂಗ್. ಓದಲು ಅಮೆರಿಕಕ್ಕೆ ಹೋದಾಗ ಪಿಯಾನೋ ವಾದಕ, ಸಂಯೋಜಕ ಡ್ಯೂಕ್ ಎಲಿಂಗ್ಟನ್‌ನ ಬ್ಯಾಂಡಿನ ಬೆನ್ ವೆಬ್‌ಸ್ಟರ್ ಕಿವಿಗೆ ಬಿದ್ದ. 1940ರ ಮೇ ತಿಂಗಳಲ್ಲಿ ರೆಕಾರ್ಡ್ ಆದ ‘ಕಾಟನ್ ಟೇಲ್’, ಅದರಲ್ಲಿ ಅವನ ಟೆನರ್ ಸ್ಯಾಕ್ಸೊಫೋನ್ ಸೋಲೋ. ಸ್ವಲ್ಪ ಒರಟು, ಸ್ವಲ್ಪ ಉಸಿರು ಬೆರೆತ ನಾದ. ನಾನು ತಕ್ಷಣ ಲೆಕ್ಕ ಹಾಕಿದೆ: ವೆಬ್‌ಸ್ಟರ್ ವಿದ್ವಾಂಸ, ಉಳಿದವರು ಪಕ್ಕವಾದ್ಯ.

ತಪ್ಪು ಶುರುವಾದದ್ದೇ ಇಲ್ಲಿ. ಅದನ್ನು ಪೂರ್ತಿ ಹೇಳಬೇಕು, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ.

ಅಲ್ಲಿದ್ದಷ್ಟು ದಿನ ಹಳೆ ಸಿಡಿ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಕೊಂಡೆ. ಊರಿಗೆ ವಾಪಸ್ ಹೊರಡುವಾಗ ಸಾಮಾನು ಜಾಸ್ತಿ ಆಯಿತು. ಹಾಡುಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಸಿಡಿ ಮಾರಿಬಿಡೋಣ ಅಂದುಕೊಂಡೆ. ಅಷ್ಟೇ ಮಾಡಿದ್ದರೆ ಪರವಾಗಿರಲಿಲ್ಲ. ಇಡೀ ಹಾಡು ಯಾಕೆ, ಸೋಲೋ ಸಾಕಲ್ವಾ ಅನ್ನಿಸಿತು. ಕೂತು ಒಂದೊಂದೇ ಹಾಡಿನ ಹಿಂದೆ ಮುಂದೆ ಕತ್ತರಿಸಿ ಸೋಲೋ ಮಾತ್ರ ಉಳಿಸಿಕೊಂಡೆ. ಫೈಲಿಗೆ ವಾದಕನ ಹೆಸರು ಕೊಟ್ಟೆ, ಮತ್ತೇನೂ ಬರೆಯಲಿಲ್ಲ. ಸಿಡಿಗಳು ಅಂಗಡಿಗೆ ಹೋದವು, ಒಳಗಿನ ಪುಸ್ತಕದ ಸಮೇತ.

ಆ ಪುಟ್ಟ ಪುಸ್ತಕಗಳಲ್ಲಿ ಏನಿತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಯಾವ ದಿನದ ರೆಕಾರ್ಡಿಂಗ್, ಯಾವ ಕುರ್ಚಿಯಲ್ಲಿ ಯಾರು ಕೂತಿದ್ದರು, ಎಲ್ಲಕ್ಕಿಂತ ಮುಖ್ಯವಾಗಿ ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅನ್ನುವ ಬರಹ, ಯಾರದ್ದು. ‘ಟೇಕ್ ದಿ ಎ ಟ್ರೇನ್’ ಅನ್ನು ಎಲಿಂಗ್ಟನ್ ಮತ್ತೆ ಮತ್ತೆ ರೆಕಾರ್ಡ್ ಮಾಡಿದ್ದಾನೆ. ತಾರೀಖು ಇಲ್ಲದಿದ್ದರೆ ಯಾವುದು ಯಾವ ಕಾಲದ್ದು, ಊದಿದ್ದು ಯಾರು, ಏನೂ ತಿಳಿಯಲ್ಲ. ಸಿಡಿ ಮಾರಿ ಬಂದ ದುಡ್ಡಿಗಿಂತ ಎಷ್ಟೋ ಜಾಸ್ತಿ ಕೊಟ್ಟು ಅವೇ ಸಿಡಿಗಳನ್ನು ತರಿಸಿಕೊಳ್ಳಬೇಕಾಯಿತು. ಕೆಲವು ಸಿಗಲೇ ಇಲ್ಲ.

ದುಡ್ಡು ಹೋದದ್ದು ಸಣ್ಣ ವಿಷಯ. ‘ಕಾಟನ್ ಟೇಲ್’ ಅನ್ನು ನಾನು ವೆಬ್‌ಸ್ಟರ್ ನಿಲ್ಲಿಸಿದ ಕಡೆ ಕತ್ತರಿಸಿದ್ದೆ. ಅದಾದ ಮೇಲೆ ಬ್ರಾಸ್, ಅಂದರೆ ಟ್ರಂಪೆಟ್, ಟ್ರಾಂಬೋನ್‌ಗಳ ಗುಂಪು, ಬರುತ್ತೆ, ಹ್ಯಾರಿ ಕಾರ್ನಿಯ ದಪ್ಪ ದನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್ ಮತ್ತು ಎಲಿಂಗ್ಟನ್‌ನ ಪಿಯಾನೋ ಚಿಕ್ಕದಾಗಿ ಬಂದು ಹೋಗುತ್ತವೆ, ಆಮೇಲೆ ಐದೂ ಸ್ಯಾಕ್ಸೊಫೋನ್ ಒಟ್ಟಿಗೆ ಒಂದು ಪೂರ್ತಿ ಸುತ್ತು ನುಡಿಸುತ್ತವೆ. ಒಬ್ಬನೇ ಮನೋಧರ್ಮದಿಂದ ನುಡಿಸಿದ ಹಾಗೆ ಓಡುವ ಸಾಲು ಅದು, ಆದರೆ ಐದು ಜನ ಸ್ವರ ಸ್ವರಕ್ಕೂ ಜೊತೆಯಾಗಿ ಓಡುತ್ತಾರೆ. ಆ ಸುತ್ತನ್ನು ಬರೆದವನು ಬೆನ್ ವೆಬ್‌ಸ್ಟರೇ ಅಂತ ಜಾಝ್ ಬಲ್ಲವರು ಹೇಳುತ್ತಾರೆ. ವೆಬ್‌ಸ್ಟರ್ ಬೇಕು ಅಂತ ಕತ್ತರಿ ಹಿಡಿದವನು ವೆಬ್‌ಸ್ಟರನ್ನೇ ಅರ್ಧಕ್ಕರ್ಧ ಎಸೆದಿದ್ದೆ. ಇದು ತಿಳಿದ ದಿನ ನಿಜಕ್ಕೂ ತುಂಬ ಬೇಜಾರಾಯಿತು.

ಗೊತ್ತಾದದ್ದು ಹೇಗೆ? ಒಂದು ಹಾಡನ್ನು ಕತ್ತರಿಸಲು ಆಗಿರಲಿಲ್ಲ. 1940ರ ಮಾರ್ಚ್‌ನಲ್ಲಿ ರೆಕಾರ್ಡ್ ಆದ ‘ಕನ್ಸರ್ಟೊ ಫಾರ್ ಕೂಟಿ’. ಕೂಟಿ ವಿಲಿಯಮ್ಸ್‌ನ ಟ್ರಂಪೆಟ್ ಹೆಚ್ಚುಕಡಿಮೆ ಶುರುವಿನಿಂದ ಕೊನೆವರೆಗೂ ಇರುತ್ತೆ, ಹಾಗಾಗಿ ಇಡೀ ಹಾಡೇ ಉಳಿದಿತ್ತು. ಒಂದು ರಾತ್ರಿ ಸುಮ್ನೆ ಹಾಕಿ ಕೂತಿದ್ದೆ. ಕೂಟಿ ಒಂದು ಸಣ್ಣ ಸಾಲು ನುಡಿಸುತ್ತಾನೆ, ಬ್ಯಾಂಡ್ ಉತ್ತರ ಕೊಡುತ್ತೆ. ಅದೇ ಸಾಲನ್ನು ಅವನು ಮತ್ತೆ ನುಡಿಸುತ್ತಾನೆ, ಈ ಸಲ ದನಿ ಬೇರೆ. ಸಿಂಕ್ ಕಟ್ಟಿಕೊಂಡಾಗ ಒತ್ತುತ್ತೇವಲ್ಲ, ಆ ರಬ್ಬರ್ ಕಪ್ಪನ್ನು ಟ್ರಂಪೆಟ್ಟಿನ ಬಾಯಿಗೆ ಹಿಡಿದು ತೆರೆದು ಮುಚ್ಚಿ ದನಿ ಬದಲಿಸುತ್ತಾನೆ. ಒಮ್ಮೆ ಪಿಸುಗುಟ್ಟಿದ ಹಾಗೆ, ಒಮ್ಮೆ ಗುರುಗುಟ್ಟಿದ ಹಾಗೆ. ನಡುವೆ ಕಪ್ಪು ತೆಗೆದು ತೆರೆದ ಟ್ರಂಪೆಟ್ಟಿನಲ್ಲಿ ಊದುವಾಗ ಶ್ರುತಿಯೂ ಬೇರೆ ಕಡೆಗೆ ಹೊರಳುತ್ತೆ, ಹಿಂದಿನ ವಾದ್ಯಗಳೂ ಮಗ್ಗುಲು ಬದಲಿಸುತ್ತವೆ. ಬ್ಯಾಂಡಿನ ಉತ್ತರ ತೆಗೆದುಬಿಟ್ಟರೆ ಕೂಟಿಯ ಸಾಲು ಅರ್ಧ ಮಾತಾಗಿ ಉಳಿಯುತ್ತೆ.

ಆಗ ಹೊಳೆಯಿತು. ನಮ್ಮ ಕಚೇರಿಯಲ್ಲಿ ಮುಖ್ಯ ಕಲಾವಿದರು ಹೋದ ಕಡೆ ಪಕ್ಕವಾದ್ಯ ಹೋಗುತ್ತೆ. ಬಿಗ್ ಬ್ಯಾಂಡಿನಲ್ಲಿ ಹಿನ್ನೆಲೆ ಮೊದಲೇ ಸಿದ್ಧವಾಗಿರುತ್ತೆ, ಸೋಲೋ ನುಡಿಸುವವನು ಅದರ ನಡುವೆ ನುಡಿಸಬೇಕು. ಅವನಿಗೆ ಎಷ್ಟು ಜಾಗ, ಹಿಂದೆ ಟ್ರಾಂಬೋನ್ ಇರಬೇಕಾ ಸ್ಯಾಕ್ಸೊಫೋನ್ ಇರಬೇಕಾ, ಎಲ್ಲಿ ಎಲ್ಲರೂ ಸುಮ್ಮನಾಗಬೇಕು, ಎಲ್ಲಿ ಟ್ರಂಪೆಟ್‌ಗಳು ಬಂದು ಅವನನ್ನು ಮುಂದಕ್ಕೆ ತಳ್ಳಬೇಕು, ಇದನ್ನೆಲ್ಲ ಯೋಚಿಸುವವನು ಅರೇಂಜರ್. ಎಲಿಂಗ್ಟನ್ ಅಂತೂ ಸ್ವರ ಬರೆದ ಹಾಳೆಯ ಮೇಲೆ ವಾದ್ಯದ ಬದಲು ವಾದಕನ ಹೆಸರನ್ನೇ ಬರೆಯುತ್ತಿದ್ದ. ಅದಕ್ಕೇ ‘ಸೋಲೋ ಇಷ್ಟ, ಉಳಿದದ್ದು ಗದ್ದಲ’ ಅನ್ನುವ ನಿಮ್ಮ ಮಾತನ್ನು ನಾನು ಒಪ್ಪಲ್ಲ. ನಿಮಗೆ ಸೋಲೋ ಹಿಡಿಸಿದ್ದರಲ್ಲಿ ಆ ಗದ್ದಲದ ಪಾಲೂ ಇದೆ.

ಎಲ್ಲ ಬ್ಯಾಂಡೂ ಒಂದೇ ಥರ ಕೇಳುವುದು ನೀವು ಬ್ಯಾಂಡ್ ಲೀಡರ್ ಹೆಸರು ಹಿಡಿದು ಹುಡುಕುತ್ತಿರುವುದರಿಂದ. ಕವರಿನ ಮೇಲೆ ದೊಡ್ಡದಾಗಿರುವುದು ಅವನ ಹೆಸರು, ಬರೆದವನು ಎಷ್ಟೋ ಸಲ ಬೇರೆ. ಬಿಳಿ ಜನಾಂಗದ ಬ್ಯಾಂಡ್ ಲೀಡರ್ ಬೆನ್ನಿ ಗುಡ್‌ಮನ್ 1935ರಲ್ಲಿ ಹೆಸರು ಮಾಡಿದ್ದು ಬಹುಮಟ್ಟಿಗೆ ಫ್ಲೆಚರ್ ಹೆಂಡರ್ಸನ್ ಬರೆದುಕೊಟ್ಟ ಅರೇಂಜ್‌ಮೆಂಟ್‌ಗಳಿಂದ. ಹೆಂಡರ್ಸನ್ ಕಪ್ಪು ಜನಾಂಗದವನು, ಅವನದ್ದೇ ಒಳ್ಳೆಯ ಬ್ಯಾಂಡ್ ಇತ್ತು. ಬ್ರಾಸ್ ಕೇಳುವುದು, ಸ್ಯಾಕ್ಸೊಫೋನ್ ಉತ್ತರಿಸುವುದು ಅನ್ನುವ ಪದ್ಧತಿಯನ್ನು ಅವನೂ ಡಾನ್ ರೆಡ್‌ಮನ್ನೂ 1920ರ ದಶಕದಲ್ಲೇ ಬೆಳೆಸಿದ್ದರು. ಹೆಸರು ಬಂದದ್ದು ಗುಡ್‌ಮನ್‌ಗೆ. ಈ ಅನ್ಯಾಯ ನನಗೆ ಈಗಲೂ ಚುಚ್ಚುತ್ತೆ. ‘ಕಿಂಗ್ ಪೋರ್ಟರ್ ಸ್ಟಾಂಪ್’ ಅನ್ನು ಹೆಂಡರ್ಸನ್ ಬ್ಯಾಂಡಿನ 1928ರ ರೆಕಾರ್ಡಿನಲ್ಲಿ ಕೇಳಿ, ಆಮೇಲೆ ಗುಡ್‌ಮನ್ ಬ್ಯಾಂಡಿನ 1935ರದ್ದನ್ನು ಕೇಳಿ. ಎರಡನೆಯದರಲ್ಲಿ ಬನ್ನಿ ಬೆರಿಗನ್‌ನ ಟ್ರಂಪೆಟ್ ಇದೆ, ಅದ್ಭುತವಾಗಿದೆ. ಆದರೆ ಅವನು ನಿಂತ ನೆಲ ಹೆಂಡರ್ಸನ್‌ನದ್ದು.

ಹಾಗಂತ ಅರೇಂಜರ್ ಬರೆದದ್ದೇ ಕೊನೆ ಅಲ್ಲ. ಕೌಂಟ್ ಬೇಸಿಯ ಬ್ಯಾಂಡಿಗೆ ಅರೇಂಜರ್ ನೀಲ್ ಹೆಫ್ಟಿ ‘ಲಿಲ್ ಡಾರ್ಲಿನ್’ ಬರೆದಾಗ ಅವನ ಮನಸ್ಸಿನಲ್ಲಿದ್ದ ನಡೆ ಇನ್ನೂ ಚುರುಕಾಗಿತ್ತು. ಬೇಸಿ ಅದನ್ನು ವಿಳಂಬಕ್ಕೆ ಇಳಿಸಿದ. 1957ರ ಆ ರೆಕಾರ್ಡಿಂಗ್ ಅನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಇಡೀ ಬ್ಯಾಂಡ್ ಪ್ರತಿ ಸ್ವರವನ್ನೂ ಒಂಚೂರು ತಡವಾಗಿ ಇಡುತ್ತೆ, ಎಲ್ಲರೂ ಒಂದೇ ಅಳತೆಯಲ್ಲಿ ತಡ. ಕೆಳಗೆ ಫ್ರೆಡ್ಡಿ ಗ್ರೀನ್‌ನ ಗಿಟಾರ್ ತಾಳದ ನಾಲ್ಕೂ ಪೆಟ್ಟಿಗೆ ಒಂದೊಂದು ಸಲ ಮೀಟುತ್ತಾ ಹೋಗುತ್ತೆ. ಅದು ಕಿವಿಗೆ ಬೀಳುವುದೇ ಕಷ್ಟ, ಹುಡುಕಬೇಕು. ಸೋಲೋ ಅಂತ ಇರುವುದು ದನಿ ತಗ್ಗಿಸುವ ಮ್ಯೂಟ್ ಹಾಕಿದ ಟ್ರಂಪೆಟ್ಟಿನ ಒಂದು ಚಿಕ್ಕ ಭಾಗ. ಸೋಲೋಗಾಗಿ ಕಾದರೆ ಇಡೀ ಹಾಡೇ ಕೈತಪ್ಪುತ್ತೆ.

ಇದಕ್ಕೆ ಉಲ್ಟಾ ಕೂಡ ಆಗುತ್ತೆ. ‘ಎ ಟ್ರೇನ್’ ಬಿಲ್ಲಿ ಸ್ಟ್ರೇಹಾರ್ನ್ ಬರೆದದ್ದು, ಅವನು 1939ರಲ್ಲಿ ಎಲಿಂಗ್ಟನ್ ಜೊತೆ ಸೇರಿದವನು. 1941ರ ರೆಕಾರ್ಡಿನಲ್ಲಿ ರೇ ನ್ಯಾನ್ಸ್ ಊದಿದ ಟ್ರಂಪೆಟ್ ಸೋಲೋ ಎಷ್ಟು ಒಪ್ಪಿತೆಂದರೆ ಮುಂದೆ ಬಂದ ಟ್ರಂಪೆಟ್ ವಾದಕರೂ ಅದನ್ನೇ ಆಧಾರವಾಗಿ ಹಿಡಿದು ನುಡಿಸಿದರು. ಒಂದು ದಿನ ಹೊಳೆದದ್ದು ಹಾಡಿನ ಭಾಗವೇ ಆಗಿಹೋಯಿತು.

ಇಲ್ಲಿ ಒಂದು ವಿಷಯ ಹೇಳದೆ ಇರಲು ಆಗಲ್ಲ. ಇದೇ ಎಲಿಂಗ್ಟನ್, ಸ್ಟ್ರೇಹಾರ್ನ್ 1963ರಲ್ಲಿ ಬ್ಯಾಂಡ್ ಸಮೇತ ಭಾರತಕ್ಕೆ ಬಂದಿದ್ದರು. ದೆಹಲಿಯ ಕೋಣೆಯಲ್ಲಿ ಸ್ಟ್ರೇಹಾರ್ನ್‌ಗೆ ಕೇಳಿಸಿದ ಮೈನಾ ಹಕ್ಕಿ, ನಮ್ಮ ಗೊರವಂಕ, ಆಮೇಲೆ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಆಯಿತು. ಜಿಮ್ಮಿ ಹ್ಯಾಮಿಲ್ಟನ್‌ನ ಕ್ಲ್ಯಾರಿನೆಟ್ಟೇ ಆ ಹಕ್ಕಿ. 1966ರಲ್ಲಿ ರೆಕಾರ್ಡ್ ಆದ ‘ಫಾರ್ ಈಸ್ಟ್ ಸೂಟ್’ ಆಲ್ಬಂನಲ್ಲಿದೆ. ಅದರಲ್ಲೇ ‘ಆಗ್ರಾ’ ಅಂತಲೂ ಒಂದಿದೆ, ಹ್ಯಾರಿ ಕಾರ್ನಿಯ ಬ್ಯಾರಿಟೋನ್ ದನಿಗಾಗಿಯೇ ಮಾಡಿದ್ದು.

ನೀವು ಮಾಡಬೇಕಾದದ್ದು ಇಷ್ಟು. ಹತ್ತು ಆಲ್ಬಂ ಬೇಡ, ಸದ್ಯ ಒಂದೇ ಹಾಡು ಹಿಡಿಯಿರಿ: ಎಲಿಂಗ್ಟನ್‌ನ ‘ಕೊಕೊ’, 1940ರ ಮಾರ್ಚ್‌ನದ್ದು. ಮೂರು ನಿಮಿಷವೂ ಇಲ್ಲ. ಹನ್ನೆರಡು ಬಾರಿನ (ತಾಳದ ಹನ್ನೆರಡು ಆವರ್ತದ) ಬ್ಲೂಸ್, ಅದೇ ಸುತ್ತು ಮತ್ತೆ ಮತ್ತೆ ಬರುತ್ತೆ. ಮೊದಲ ಸಲ ಕೇಳುವಾಗ ಬ್ಯಾರಿಟೋನ್ ಸ್ಯಾಕ್ಸೊಫೋನ್ ಒಂದನ್ನೇ ಹಿಡಿಯಿರಿ, ಶುರುವಿನಲ್ಲೇ ಅಡಿಯಲ್ಲಿ ಗುಂಯ್ ಅನ್ನುತ್ತೆ. ಮುಂದಿನ ಸಲ ಟ್ರಿಕಿ ಸ್ಯಾಮ್ ನ್ಯಾಂಟನ್‌ನ ಟ್ರಾಂಬೋನ್, ಮನುಷ್ಯ ಮಾತಾಡಿದ ಹಾಗೇ ಇರುತ್ತೆ. ಆಮೇಲೆ ಅವನನ್ನು ಬಿಟ್ಟು ಅವನ ಹಿಂದೆ ಏನು ನಡೆಯುತ್ತಿದೆ ಅಂತ ಮಾತ್ರ ಕೇಳಿ. ಕೊನೆ ಹತ್ತಿರ ಇಡೀ ಬ್ಯಾಂಡ್ ನಿಂತು ನಿಂತು ಜಿಮ್ಮಿ ಬ್ಲಾಂಟನ್‌ನ ಬಾಸ್‌ಗೆ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಜಾಗ ಬಿಡುತ್ತೆ. ಬ್ಲಾಂಟನ್ 1942ರಲ್ಲಿ ಕ್ಷಯದಿಂದ ತೀರಿಕೊಂಡ, ಆಗ 23 ವರ್ಷ. ಆ ನಾಲ್ಕು ತಂತಿಯ ದನಿ ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ, ದಯವಿಟ್ಟು ಹೆಡ್‌ಫೋನ್ ಹಾಕಿ. ಮಾನೋ, ಅಂದರೆ ಎರಡೂ ಕಿವಿಗೆ ಒಂದೇ ಸದ್ದಿನ ರೆಕಾರ್ಡಿಂಗ್ ಅಂತ ಬಿಡಬೇಡಿ, ಸ್ಟೀರಿಯೋ ಮಾಡಿದ್ದೇವೆ ಅಂತ ಮಾರುವ ಪ್ರತಿಗಳನ್ನು ಮುಟ್ಟಬೇಡಿ. ಯಾವುದನ್ನೇ ಕೊಂಡರೂ ಒಳಗೆ ತಾರೀಖು, ವಾದಕರು, ಅರೇಂಜರ್ ಹೆಸರು ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ಬೇರೆ ಪ್ರತಿ ಹುಡುಕಿ.