ಕಂಪನಿ ಶೆಡ್ ಕಟ್ಟಿಕೊಡುತ್ತೆ ಸರಿ, ಆಮೇಲೆ ನಡೆಸೋರು ಯಾರು?

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರ ಕಡೆಯ ಒಂದು ಗ್ರಾಮ ಪಂಚಾಯಿತಿ ಸದಸ್ಯೆ. ಬೆಂಗಳೂರಿನ ಕಂಪನಿಯೊಂದು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಹಣದಲ್ಲಿ ಒಣಕಸ ಬೇರ್ಪಡಿಸುವ ಶೆಡ್, ಕಸ ಒತ್ತಿ ಕಟ್ಟುವ ಮೆಷಿನ್, ಒಂದು ಗಾಡಿ ಕೊಡುತ್ತೇವೆ ಅಂದಿದೆ. ಒಂದು ವರ್ಷ ಅವರೇ ನಡೆಸಿ ಆಮೇಲೆ ನಮಗೆ ಬಿಟ್ಟುಕೊಡುತ್ತಾರಂತೆ. ಜಾಗ ಪಕ್ಕದ ತೋಟದ ಮಾಲೀಕರದ್ದು. ಅರ್ಧ ಸದಸ್ಯರು ತಾನಾಗಿ ಬಂದಿದ್ದನ್ನು ಬಿಡಬೇಡಿ ಅಂತಾರೆ, ಉಳಿದವರಿಗೆ ಅನುಮಾನ. ಸಹಿ ಹಾಕಬಹುದಾ?

ಉತ್ತರ: ಹಾಕಿ ಅಕ್ಕ, ಆದರೆ ಈಗ ಅವರು ತಂದಿರುವ ಕಾಗದಕ್ಕಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಇದು ದಾನ ಅಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಅವರಿಗೂ ನಿಮ್ಮಂಥ ಒಂದು ಪಂಚಾಯಿತಿ ಬೇಕು. ಹಾಗಾಗಿ ಕೈಕಟ್ಟಿ ನಿಂತು ಮಾತಾಡಬೇಡಿ, ಎದುರು ಕೂತು ಮಾತಾಡಿ.

ಇಡೀ ಪ್ರಸ್ತಾವದಲ್ಲಿ ನನಗೆ ಹಿಡಿಸದೇ ಇರುವುದು ಆ ‘ಒಂದು ವರ್ಷ’. ಶೆಡ್ ಕಟ್ಟೋದು ಸುಲಭ. ಉದ್ಘಾಟನೆ, ಫೋಟೊ, ಊಟ ಎಲ್ಲ ಅದಕ್ಕೇ ಇರುತ್ತೆ. ಕಷ್ಟ ಶುರುವಾಗೋದು ಅವರು ಹೋದ ಮೇಲೆ. ಕಸ ಆರಿಸುವ ಹೆಂಗಸರ ಸಂಬಳ, ಏರು ರಸ್ತೆಯಲ್ಲಿ ಓಡುವ ಗಾಡಿಯ ಡೀಸೆಲ್, ಮೆಷಿನ್ ರಿಪೇರಿ, ಮೈಸೂರು ಕಡೆಗೆ ಮಾಲು ಸಾಗಿಸುವ ಲಾರಿ ಬಾಡಿಗೆ. ಕಸ ಮಾರಿದರೆ ಇದೆಲ್ಲ ಗಿಟ್ಟುತ್ತೆ ಅಂತ ಕಂಪನಿಯವರು ಲೆಕ್ಕ ತೋರಿಸಬಹುದು, ನಂಬಬೇಡಿ. ನೀರಿನ ಬಾಟಲಿ, ರಟ್ಟು, ಬಿಯರ್ ಡಬ್ಬಿ ಮಾರಾಟವಾಗುತ್ತೆ. ಚಿಪ್ಸ್, ಬಿಸ್ಕತ್, ಶಾಂಪೂ ಪೊಟ್ಟಣಗಳನ್ನು ಕೇಳುವವರೇ ಇಲ್ಲ, ಅವನ್ನು ಸಿಮೆಂಟ್ ಕಾರ್ಖಾನೆಗೆ ಉರಿಸಲು ಕಳಿಸಬೇಕು, ಆ ಬಾಡಿಗೆಯೂ ನಮ್ಮ ಕೈಯಿಂದಲೇ. ಇನ್ನು ನಮ್ಮ ಮಳೆ ಗೊತ್ತಲ್ಲ. ಜೂನ್‌ನಲ್ಲಿ ಮೂರು ಕಡೆ ತೆರೆದ ಶೆಡ್‌ನಲ್ಲಿಟ್ಟ ರಟ್ಟು ಒಂದೇ ವಾರದಲ್ಲಿ ಮುದ್ದೆಯಾಗಿ ಬೂಸ್ಟು ಹಿಡಿಯುತ್ತೆ, ಅದನ್ನು ಗುಜರಿಯವನು ಮೂಸಿಯೂ ನೋಡಲ್ಲ. ಬೆಂಗಳೂರಿನಲ್ಲಿ ಕೂತು ಬರೆದ ನಕ್ಷೆಯಲ್ಲಿ ಈ ಗಾಳಿಮಳೆ ಇರುವುದಿಲ್ಲ. ಗೋಡೆ ಪೂರ್ತಿ ಇರಲಿ, ನೆಲ ಎತ್ತರಕ್ಕಿರಲಿ ಅಂತ ಈಗಲೇ ಹೇಳಿ.

‘ನಮ್ಮ ಬಜೆಟ್ ವರ್ಷಕ್ಕೊಮ್ಮೆ, ಏನೂ ಮಾಡೋಕಾಗಲ್ಲ’ ಅಂತ ಕಂಪನಿಯವರು ಹೇಳಬಹುದು. ಆಗುತ್ತೆ. ಮುಂದುವರಿಯುವ ಯೋಜನೆ ಅಂತ ತೋರಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಖರ್ಚು ಮಾಡಲು ಸಿಎಸ್‌ಆರ್ ನಿಯಮದಲ್ಲೇ ಅವಕಾಶವಿದೆ. ಮೊದಲ ವರ್ಷ ಖರ್ಚು ಪೂರ್ತಿ ಅವರದ್ದು, ಆಮೇಲೆ ವರ್ಷ ವರ್ಷ ಅವರ ಪಾಲು ಇಳಿಯಲಿ, ನಿಮ್ಮದು ಏರಲಿ.

ಆ ಕಂಪನಿ ಏನು ಮಾರುತ್ತೆ ಅಂತ ನೀವು ಬರೆದಿಲ್ಲ. ಪ್ಯಾಕೆಟ್ ತಿಂಡಿ, ಪಾನೀಯದಂಥದ್ದು ಮಾರುವವರಾದರೆ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮದಡಿ ತಮ್ಮ ಪ್ಲಾಸ್ಟಿಕ್ಕಿಗೆ ತಾವೇ ಜವಾಬ್ದಾರಿ ಹೊರಬೇಕು. ಬೇರೆ ಕಾನೂನು ಹೇಗೂ ಹೊರಿಸಿರುವ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವಂತಿಲ್ಲ. ಇದನ್ನು ಸಭೆಯಲ್ಲಿ ನೇರವಾಗಿ ಕೇಳಿ. ಹಾಗೇನಾದರೂ ಇದ್ದರೆ ನೀವು ಒಟ್ಟು ಮಾಡಿದ ಪ್ಲಾಸ್ಟಿಕ್ಕಿಗೆ ಕಿಲೋಗೆ ಇಷ್ಟು ಅಂತ ದರ ಮಾತಾಡಬಹುದು. ಅದು ಬೇರೆಯೇ ಕರಾರು.

ಜಾಗದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ತೋಟದ ಮಾಲೀಕರು ಒಳ್ಳೆಯವರೇ ಇರಬಹುದು, ನಾಳೆ ಅವರ ಮನೆಯಲ್ಲಿ ಪಾಲಾದರೆ? 2021ರಲ್ಲಿ ತಿದ್ದಿದ ನಿಯಮದ ಪ್ರಕಾರ ಸಿಎಸ್‌ಆರ್‌ನಿಂದ ಆದ ಆಸ್ತಿ ಸಾರ್ವಜನಿಕ ಸಂಸ್ಥೆ, ನೋಂದಾಯಿತ ಟ್ರಸ್ಟ್–ಸೊಸೈಟಿ, ಇಲ್ಲವೇ ಫಲಾನುಭವಿಗಳ ಸಂಘದ ಹೆಸರಿನಲ್ಲಿರಬೇಕು. ಪೈಸಾರಿ (ಖಾಲಿ ಸರ್ಕಾರಿ) ಜಾಗ ಇದ್ದರೆ ತಹಶೀಲ್ದಾರರ ಮೂಲಕ ಪಂಚಾಯಿತಿಗೆ ಮಾಡಿಸಿಕೊಳ್ಳಿ, ತಡವಾದರೂ ಪರವಾಗಿಲ್ಲ. ಆನೆ ದಾಟುವ ದಾರಿಯಾ ಅಂತಲೂ ನೋಡಿ. ಎಷ್ಟೇ ಒಣಕಸ ಅಂದರೂ ತಿಂಡಿ ವಾಸನೆ ಅದರಲ್ಲಿ ಇದ್ದೇ ಇರುತ್ತೆ.

ನಡೆಸೋದನ್ನು ನಿಮ್ಮ ಸಂಜೀವಿನಿ ಒಕ್ಕೂಟಕ್ಕೆ, ಅಂದರೆ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟಕ್ಕೆ ಕೊಡಿ. ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಕಸದ ಗಾಡಿ ಓಡಿಸುತ್ತಿದ್ದಾರೆ. ಕಂಪನಿ, ಪಂಚಾಯಿತಿ, ಒಕ್ಕೂಟ ಮೂರೂ ಸಹಿ ಹಾಕಿದ ಒಂದೇ ಒಪ್ಪಂದ ಇರಲಿ, ಯಾರು ಎಷ್ಟು ಕೊಡಬೇಕು, ತಪ್ಪಿದರೆ ಏನು ಅಂತ ಅದರಲ್ಲೇ ಬರೆಯಿರಿ. ಪಂಚಾಯಿತಿ ಪಾಲಿಗೆ ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೆ ಅಂತಲೇ ಮೀಸಲಾದ ಭಾಗವಿದೆ, ಪಿಡಿಒ ಹತ್ತಿರ ಲೆಕ್ಕ ಕೇಳಿ. ಜೊತೆಗೆ ಹೋಂಸ್ಟೇ, ರೆಸಾರ್ಟ್‌ಗಳಿಗೆ ಮನೆಗಳಿಗಿಂತ ಜಾಸ್ತಿ ಶುಲ್ಕ ಹಾಕಿ. ವಾರದ ಕೊನೆಯಲ್ಲಿ ಬರುವ ಬಾಟಲಿಗಳೆಲ್ಲ ಅಲ್ಲಿಂದಲೇ ಅಲ್ವಾ? ತೋಟದವರೂ ಲೈನ್ ಮನೆಗಳ (ತೋಟದ ಕೂಲಿಯವರ ಸಾಲುಮನೆ) ಲೆಕ್ಕದಲ್ಲಿ ಕೊಡಲಿ, ಕೂಲಿಯವರ ತಲೆಗೆ ಕಟ್ಟಬಾರದು.

ಇದೆಲ್ಲ ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಆದ ಮೇಲೆ ಸಹಿ. ಗೋಡೆ ಮೇಲೆ ಕಂಪನಿ ಹೆಸರು ಎಷ್ಟು ದೊಡ್ಡದಿರಬೇಕು ಅಂತ ಸುಮ್ನೆ ಜಗಳ ಆಡಬೇಡಿ, ಬರೆದುಕೊಳ್ಳಲಿ ಬಿಡಿ.

ಪ್ರಶ್ನೆ: ನಮ್ಮೂರಿನ ಕಾಫಿ ತೋಟದ ಮಾಲೀಕರೊಬ್ಬರು ಸರ್ಕಾರಿ ಶಾಲೆಗೆ ಬಣ್ಣ ಹೊಡೆಸಿಕೊಡುತ್ತೇನೆ ಅಂತಾರೆ. ಅವರದ್ದು ಕಂಪನಿ ಅಲ್ಲ. ಸಿಎಸ್‌ಆರ್ ನಿಯಮ ಅನ್ವಯಿಸುತ್ತಾ? – ಸೋಮವಾರಪೇಟೆಯ ಓದುಗ

ಉತ್ತರ: ಇಲ್ಲ, ಅದು ಕಂಪನಿಗಳಿಗೆ ಮಾತ್ರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಕರೆದು ನಡಾವಳಿಯಲ್ಲಿ ಬರೆಸಿ, ಹಣ ಕೊಟ್ಟರೆ ಸಮಿತಿ ಖಾತೆಗೇ ಬರಲಿ. ಆದರೆ ಬಣ್ಣ ಯಾಕೆ? ಎರಡು ಮಳೆಗಾಲಕ್ಕೆ ಗೋಡೆ ಪೂರ್ತಿ ಪಾಚಿ. ನಮ್ಮ ಜಿಲ್ಲೆಯಲ್ಲಿ ಹೆಸರು ಉಳಿದಿರುವುದು ವರ್ಷಗಟ್ಟಲೆ ಜೊತೆಗೆ ನಿಂತವರದ್ದು. ಸುಂಟಿಕೊಪ್ಪದಲ್ಲಿ ವಿಶೇಷ ಮಕ್ಕಳಿಗಾಗಿ ಇರುವ ‘ಸ್ವಸ್ಥ’ ಶಾಲೆಯ ಹಿಂದೆ ಟಾಟಾ ಕಾಫಿಯ ಬೆಂಬಲ ಇತ್ತು. ನಿಮ್ಮ ಮಾಲೀಕರಿಗೆ ಅಷ್ಟೆಲ್ಲ ಆಗದಿದ್ದರೂ ಹಾಡಿಯಿಂದ (ಆದಿವಾಸಿಗಳ ಊರು), ಲೈನ್ ಮನೆಯಿಂದ ಬರುವ ಮಕ್ಕಳಿಗೆ ಮಳೆಗಾಲದ ನಾಲ್ಕು ತಿಂಗಳು ಜೀಪಿನ ಬಾಡಿಗೆ ಕೊಡಿ ಅಂತ ಕೇಳಿ ನೋಡಿ. ಮಳೆ ಜೋರಾದಾಗ ಹಾಜರಿ ಬೀಳೋದು ಅವರದ್ದೇ.