ಕ್ಯುಪರ್ಟಿನೋದಲ್ಲಿ ಸಿಟಿ ಮ್ಯಾನೇಜರ್ ಆಯ್ಕೆ: ನಮಗೂ ಮಾತಾಡೋಕೆ ಅವಕಾಶ ಇದೆ

ನಮಸ್ಕಾರ. ಕ್ಯಾಲಿಫೋರ್ನಿಯಾದ ನಮ್ಮ ಊರು ಕ್ಯುಪರ್ಟಿನೋದಲ್ಲಿ ಹೊಸ ಸಿಟಿ ಮ್ಯಾನೇಜರ್ (ನಗರದ ಆಡಳಿತ ನಡೆಸುವ ಮುಖ್ಯ ಅಧಿಕಾರಿ) ಆಯ್ಕೆಗೆ ನಾವು ಓಟು ಹಾಕಬೇಕಾ, ಮುಚ್ಚಿದ ಬಾಗಿಲ ಹಿಂದೆ ಯಾಕೆ ಮಾಡ್ತಾರೆ ಅಂತ ಕೇಳಿದ್ದೀರಿ.

ಓಟು ಇಲ್ಲ. ನಾವು ಆರಿಸಿದ ಐದು ಜನ ಸಿಟಿ ಕೌನ್ಸಿಲ್ ಸದಸ್ಯರೇ ನೇಮಿಸುತ್ತಾರೆ. ಬೆಂಗಳೂರಿನಲ್ಲಿ ಕಮಿಷನರ್‌ನ ರಾಜ್ಯ ಸರ್ಕಾರ ಕಳಿಸುತ್ತದೆ ಅಲ್ವಾ, ಇಲ್ಲಿ ಹಾಗಲ್ಲ. ಬೇಡ ಅನಿಸಿದರೆ ತೆಗೆಯುವುದೂ ಕೌನ್ಸಿಲ್ಲೇ.

ಸಾಮಾನ್ಯವಾಗಿ ಮೊದಲು ಒಬ್ಬರನ್ನು ಹಂಗಾಮಿಯಾಗಿ ಕೂರಿಸುತ್ತಾರೆ. ಆಮೇಲೆ ಹುಡುಕಾಟಕ್ಕೆ ಒಂದು ಏಜೆನ್ಸಿ, ಅರ್ಜಿಗಳು, ಸಂದರ್ಶನ. ಅರ್ಜಿ ಹಾಕುವವರು ಹೆಚ್ಚಾಗಿ ಬೇರೆ ಊರಲ್ಲಿ ಕೆಲಸದಲ್ಲಿ ಇರುವವರು. ಹೆಸರು ಹೊರಬಿದ್ದರೆ ಅವರಿಗೆ ಅಲ್ಲಿ ಕಷ್ಟ. ಅದಕ್ಕೇ ಚರ್ಚೆ ಒಳಗೆ ನಡೆಯುತ್ತದೆ. ಸ್ಥಳೀಯ ಸಂಸ್ಥೆಗಳ ಸಭೆ ಬಹಿರಂಗವಾಗಿರಬೇಕು ಅನ್ನೋ ಕ್ಯಾಲಿಫೋರ್ನಿಯಾದ 1953ರ ಕಾನೂನು, ಬ್ರೌನ್ ಆ್ಯಕ್ಟ್ ಕೂಡ ಇದಕ್ಕೆ ಒಪ್ಪುತ್ತದೆ.

ಆದರೆ ಸಂಬಳ ಮಾತ್ರ ಗುಟ್ಟಲ್ಲ. ಅದನ್ನು ಮಾಮೂಲಿ ಬಹಿರಂಗ ಸಭೆಯಲ್ಲೇ ಒಪ್ಪಬೇಕು, ಅವಸರದಲ್ಲಿ ಕರೆದ ವಿಶೇಷ ಸಭೆಯಲ್ಲಿ ಆಗುವುದಿಲ್ಲ. ಸಂಬಳ, ಸವಲತ್ತಿನ ಸಾರಾಂಶವನ್ನು ಬಾಯಿಬಿಟ್ಟು ಹೇಳಬೇಕು. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮೊದಲೇ ಹಾಕುತ್ತಾರೆ. ಅದರಲ್ಲಿ 'ಪಬ್ಲಿಕ್ ಎಂಪ್ಲಾಯೀ ಅಪಾಯಿಂಟ್‌ಮೆಂಟ್' (ನೌಕರರ ನೇಮಕ) ಅನ್ನೋ ಸಾಲು ಹುಡುಕಿ, ಒಳಗಿನ ಚರ್ಚೆ ಅದರಡಿ ಬರುತ್ತದೆ. ಒಳಗೆ ಹೋಗುವ ಮೊದಲು ನಮ್ಮ ಮಾತು ಕೇಳಲೇಬೇಕು.

ಕರಾರು ಬಂದಾಗ ಪೂರ್ತಿ ಓದಿ. ಮಧ್ಯದಲ್ಲೇ ತೆಗೆದರೆ ಎಷ್ಟು ತಿಂಗಳ ಸಂಬಳ ಕೊಡಬೇಕು ಅಂತ ಅದರಲ್ಲಿರುತ್ತದೆ. ಕಾನೂನಿನ ಮಿತಿ 18 ತಿಂಗಳು. ನನ್ನ ಪ್ರಕಾರ ಜಾಸ್ತಿ ಗಮನ ಕೊಡಬೇಕಾದ ಪುಟ ಅದೇ, ಆ ದುಡ್ಡು ನಮ್ಮ ತೆರಿಗೆಯದ್ದು. ಸಭೆಗೆ ಹೋಗಿ, ದಯವಿಟ್ಟು ಮಾತಾಡಿ.